ಓಲ್ಟನ್ ಜಂಕ್ಷನ್ನಿನಲ್ಲಿ ನಮ್ಮತ್ತೆ

ಮೊನ್ನೆ ಸೇಡಂಗೆ ಹೋಗುವುದಿತ್ತು. ನಮ್ಮ ನಾದಿನಿಯ ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಚಿತ್ತಾಪುರದಿಂದ ಸೇಡಂ ಎಂದರೆ ರೈಲು ಹತ್ತಿ ಸೀರೆಯ ನೆರಿಗೆ ಸರಿಮಾಡಿಕೊಳ್ಳುವಷ್ಟರಲ್ಲಿ ಮುಗಿದುಹೋಗುವ ದಾರಿ. ಆದರೂ ಕೈಗೊಂದು ಚೀಲ ಬೇಕಲ್ಲ. ಕಪಾಟಿನ ಮೇಲಿಂದ ಹಳೆಯ ಬಗಲ ಚೀಲವೊಂದನ್ನು ಇಳಿಸಿ, ಧೂಳು ಕೊಡವಿ, ಜಿಪ್ಪು ಎಳೆದೆ. ಶೇಂಗಾ ಹಿಂಡಿಯ ವಾಸನೆ ಮುಖಕ್ಕೆ ಬಂತು. ಹುರಿದ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಕೂಡಿಸಿ ಕುಟ್ಟಿದ ಪುಡಿ ಅದು. ರೊಟ್ಟಿ ಇದ್ದಲ್ಲಿ ಹಿಂಡಿ ಇರಬೇಕು ಎಂಬುದು ನಮ್ಮ ಕಡೆಯ ನಿಯಮ. ಈ ಚೀಲವನ್ನು ನಾನೇ ತೊಳೆದು ಬಿಸಿಲಿಗೆ ಒಣಹಾಕಿದ್ದು ನೆನಪಿದೆ. ಆದರೂ ಹೊಲಿಗೆಯ ಸಂದಿಯಲ್ಲಿ ಎಲ್ಲೋ ಒಂದು ಚಿಟಿಕೆ ಉಳಿದಿರಬೇಕು. ಸಾಮಾನ್ಯ ಹಿಂಡಿಯಲ್ಲ ಅದು; ಸ್ವಿಟ್ಜರ್ಲೆಂಡ್ ನೋಡಿ ಬಂದ ಹಿಂಡಿ.

ಇಷ್ಟು ಕೇಳಿ ನೀವು ನನ್ನನ್ನು ದೊಡ್ಡ ಪ್ರವಾಸಿ ಎಂದು ತಿಳಿಯಬಾರದು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಯುರೋಪನ್ನು ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಬರೆದು, ಗಂಟೆ ಹೊಡೆದ ಕೂಡಲೇ ಒರೆಸಿಹಾಕುವುದಷ್ಟೇ ನನಗೂ ಅದಕ್ಕೂ ಇದ್ದ ಸಂಬಂಧ. ಸ್ವಿಟ್ಜರ್ಲೆಂಡಿಗೆ ಬಂದಾಗ, ‘ಇದಕ್ಕೆ ಸಮುದ್ರವಿಲ್ಲ’ ಎಂದು ಹೇಳಿ ಒಂದು ಸಣ್ಣ ಗೋಡಂಬಿಯ ಆಕಾರ ಬರೆಯುತ್ತಿದ್ದೆ. ಆ ಗೋಡಂಬಿಯೊಳಗೆ ಹೋಗಿ ಬರುತ್ತೇನೆಂದು ಕನಸಿನಲ್ಲಿಯೂ ಅಂದುಕೊಂಡವಳಲ್ಲ.

ಕಳಿಸಿದ್ದು ಸಿಮೆಂಟು. ನಮ್ಮ ಮನೆಯವರದು ಚಿತ್ತಾಪುರದಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಹೇಳಿದಷ್ಟು ಚೀಲ ಮಾರಿದ ಅಂಗಡಿಯವರನ್ನು ಕಂಪನಿಯವರು ವರ್ಷಕ್ಕೊಮ್ಮೆ ಎಲ್ಲಿಗಾದರೂ ತಿರುಗಾಡಿಸಿಕೊಂಡು ಬರುವುದುಂಟು. ಒಂದು ಸಲ ಗೋವಾ, ಇನ್ನೊಂದು ಸಲ ಬ್ಯಾಂಕಾಕು. ಆಗೆಲ್ಲ ಗಂಡಸರೇ ಹೋಗಿ ಬರುತ್ತಿದ್ದರು. ಏನು ನೋಡಿದಿರಿ ಎಂದು ಕೇಳಿದರೆ ಸಮುದ್ರ ನೋಡಿದೆವು ಎನ್ನುತ್ತಿದ್ದರು. ಆ ವರ್ಷ ಯುರೋಪು, ಅದರಲ್ಲೂ ಸ್ವಿಟ್ಜರ್ಲೆಂಡ್ ಎಂದಾಯಿತು. ಅಂಗಡಿಗೆ ಎರಡು ಸೀಟು. ಸಮುದ್ರವಿಲ್ಲದ ದೇಶವೆಂದೋ ಏನೋ, ಹೆಂಗಸರನ್ನೂ ಕರೆದುಕೊಂಡು ಬರಬಹುದು ಎಂದರು. ನಮ್ಮ ಮನೆಯವರು ಗೋವಾಕ್ಕೆ ಮಾತ್ರ ಹೋದವರು; ಯಾರದು ಮೊದಲು ಬಂದರೆ ಅವರು ಹೋಗುವುದೆಂದು ಮನೆಯಲ್ಲಿ ಮೂವರೂ ಪಾಸ್‌ಪೋರ್ಟಿಗೆ ಕೊಟ್ಟೆವು. ನನ್ನದು ಬಂತು, ಅತ್ತೆಯದು ಬಂತು. ನಮ್ಮ ಮನೆಯವರು ಶಾಲೆಯ ಕಾಗದದಲ್ಲಿ ಮಲ್ಲಪ್ಪ, ಆಧಾರಿನಲ್ಲಿ ಮಲ್ಲಿಕಾರ್ಜುನ. ಇಬ್ಬರೂ ಒಬ್ಬನೇ ಎಂದು ಸಿದ್ಧಮಾಡಿ ತೋರಿಸುವುದರೊಳಗೆ ಹೊರಡುವ ದಿನ ಬಂದುಬಿಟ್ಟಿತು. ಹೀಗೆ ಮಲ್ಲಪ್ಪ, ಮಲ್ಲಿಕಾರ್ಜುನ ಇಬ್ಬರೂ ಅಂಗಡಿಯಲ್ಲಿ ಉಳಿದರು. ಅತ್ತೆ ಸೊಸೆ ಹೊರಟೆವು.

ನಮ್ಮತ್ತೆಯದು ವಾಡಿ ಜಂಕ್ಷನ್. ಮಾವನವರು ವಾಡಿ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಗಾಡಿ ಯಾವ ಹಳಿಗೆ ತಿರುಗಬೇಕೋ ಆ ಹಳಿಗೆ ತಿರುಗಿಸುವ ಕೆಲಸ. ಹಳಿಯ ಪಕ್ಕದ ಕ್ವಾರ್ಟರ್ಸಿನಲ್ಲಿ ಅತ್ತೆ ಸಂಸಾರ ಮಾಡಿದರು. ಗಾಡಿಯ ಸದ್ದಿಗೆ ನಿದ್ದೆ ಬರುತ್ತದೆ, ಸದ್ದಿಲ್ಲದಿದ್ದರೆ ಎಚ್ಚರವಾಗುತ್ತದೆ ಎಂದು ಈಗಲೂ ಹೇಳುತ್ತಾರೆ. ಮಾವನವರು ತೀರಿಕೊಂಡ ಮೇಲೆ ಚಿತ್ತಾಪುರಕ್ಕೆ ನಮ್ಮೊಡನೆ ಇರಲು ಬಂದವರು. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ. ಹಾಗೆಂದು ಮಾತೂ ಬಹಳ ಇರಲಿಲ್ಲ. ಬೇಳೆ ಬೆಂದಿತೆ, ಹಾಲಿನವನು ಬಂದನೆ, ನಳದಲ್ಲಿ ನೀರು ಬಂತೆ ಎಂಬಲ್ಲಿಗೆ ಮುಗಿಯುತ್ತಿತ್ತು. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ನಮ್ಮ ಮನೆಯವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: “ಸಾಮಾನ ಕಳದ್ರ ಕಳೀಲಿ. ಅವ್ವ ಜ್ವಾಕಿ.” ಅವ್ವನನ್ನು ಜೋಪಾನ ಮಾಡು ಎಂಬ ಆ ಮಾತನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡೆ.

ನಮ್ಮನ್ನು ಇಳಿಸಿದ್ದು ಬಾಸೆಲ್ ಎಂಬ ಊರಿನಲ್ಲಿ. ಮೊದಮೊದಲ ದಿನಗಳೆಲ್ಲ ಬಸ್ಸಿನಲ್ಲೇ ಕಳೆದವು. ಹಿಮ ತೋರಿಸಿದರು, ಹಸು ತೋರಿಸಿದರು, ಗಡಿಯಾರದ ಅಂಗಡಿ ತೋರಿಸಿದರು. ಅತ್ತೆ ಎಲ್ಲವನ್ನೂ ನೋಡಿದರು, ಯಾವುದರ ಬಗ್ಗೆಯೂ ಏನೂ ಹೇಳಲಿಲ್ಲ. ಆಮೇಲೆ ಒಂದು ದಿನ ಲುಸರ್ನ್ ಎಂಬ ಊರಿಗೆ ರೈಲಿನಲ್ಲಿ ಹೋಗಿ ಸಂಜೆಗೆ ಬರುವುದೆಂದು ಟೂರಿನ ಮ್ಯಾನೇಜರ್ ಹೇಳಿದಾಗ ಅತ್ತೆಯ ಮುಖ ಬಿರಿಯಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವರೇ ತಯಾರಾಗಿ ಕುಳಿತಿದ್ದರು. ಹಸಿರು ಇಳಕಲ್ ಸೀರೆ, ಅದರ ಮೇಲೆ ಮಗನ ಕಂದು ಸ್ವೆಟರು, ಕಾಲಿಗೆ ಕ್ಯಾನ್ವಾಸ್ ಬೂಟು. ಬಗಲ ಚೀಲದಲ್ಲಿ ಖಡಕ್ ರೊಟ್ಟಿ, ಹಿಂಡಿ, ನೀರಿನ ಸ್ಟೀಲ್ ಬಾಟಲಿ.

ಆ ರೈಲನ್ನು ಕಂಡು ಅತ್ತೆಗೆ ಸ್ವಲ್ಪ ನಿರಾಸೆಯಾಯಿತೆಂದು ಕಾಣುತ್ತದೆ. ಸೀಟು ಮೆತ್ತಗಿತ್ತು, ಗಾಜು ಇಲ್ಲವೆಂಬಷ್ಟು ಸ್ವಚ್ಛವಾಗಿತ್ತು. ಆದರೆ ಸದ್ದೇ ಇರಲಿಲ್ಲ. “ಗಾಡಿ ಉಸರಾಡಾಕತ್ತದೋ ಇಲ್ಲೋ” ಎಂದರು. ಹಿಂದಿನ ಸೀಟಿನಲ್ಲಿ ಶಹಾಬಾದಿನ ಶರಣಪ್ಪನವರು ಇದ್ದರು. ಸಿಮೆಂಟಿನ ಜೊತೆಗೆ ನೆಲಕ್ಕೆ ಹಾಸುವ ಶಹಾಬಾದಿ ಪರಸಿ ಕಲ್ಲನ್ನೂ ಮಾರುವವರು. ಯಾವ ದೇಶದಲ್ಲಿ ಯಾವ ಅರಮನೆಗೆ ಕಾಲಿಟ್ಟರೂ ಮೊದಲು ನೆಲ ನೋಡುವುದು ಅವರ ಅಭ್ಯಾಸ. ತಮ್ಮೂರಿನ ಕಲ್ಲಿಗೆ ಸಮನಾದ ಕಲ್ಲು ಈ ಖಂಡದಲ್ಲಿ ಇನ್ನೂ ಸಿಕ್ಕಿಲ್ಲವೆಂದು ದಿನವೂ ವರದಿ ಒಪ್ಪಿಸುತ್ತಿದ್ದರು. ಅತ್ತೆಯನ್ನು ಆಯಿ ಎಂದು ಕರೆಯುತ್ತಿದ್ದರು. ನನಗೆ, ನಮ್ಮ ಕಡೆ ಟೀಚರಿಗೆ ಹೇಳುವಂತೆ, ಅಕ್ಕೋರೆ ಎನ್ನುತ್ತಿದ್ದರು.

ಗಾಡಿ ಒಂದು ಉದ್ದನೆಯ ಸುರಂಗ ದಾಟಿತು. ಬೆಳಕು ಬಂದದ್ದೇ ಒಂದು ಹೊಳೆ ಕಂಡಿತು. ಆಮೇಲೆ ಹಳಿಗಳು ಒಂದರ ಪಕ್ಕದಲ್ಲೊಂದು ಹುಟ್ಟಿಕೊಳ್ಳತೊಡಗಿದವು. ಅತ್ತೆ ಗಾಜಿಗೆ ಹಣೆ ತಾಗಿಸಿ ನೋಡಿದರು.

“ಇದು ಜಂಕ್ಷನ್ ಏನ?”

ನಾನು ಹಿಂದಿನ ದಿನ ಹೋಟೆಲಿನ ಪುಸ್ತಿಕೆಯಲ್ಲಿ ಓದಿಕೊಂಡಿದ್ದೆ. ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ ಹೇಳಿದೆ: “ಹೌದ್ರಿ ಅತ್ತಿ. ಓಲ್ಟನ್ ಅಂತ ಇದರ ಹೆಸರು. ನಾಕೂ ಕಡಿ ಗಾಡಿ ಇಲ್ಲೇ ಬಂದು ಕೂಡ್ತಾವಂತ.”

“ಅಂದ್ರ ವಾಡಿ ಇದ್ದಂಗ” ಎಂದು ಅತ್ತೆ ಎದ್ದರು. ಚೀಲ ಬಗಲಿಗೆ ಹಾಕಿಕೊಂಡು ಬಾಗಿಲ ಕಡೆಗೆ ನಡೆದರು. ಸಂಡಾಸಿಗೆ ಹೊರಟರೆಂದು ನಾನು ತಿಳಿದೆ.

ಇಲ್ಲಿ ಸ್ವಲ್ಪ ನಿಂತು, ವಾಡಿಯವರಿಗೆ ಜಂಕ್ಷನ್ ಎಂದರೆ ಏನೆಂದು ನಿಮಗೆ ಹೇಳಬೇಕು. ಉಳಿದವರಿಗೆ ಅದು ಹಳಿಗಳು ಕೂಡುವ ಜಾಗ. ವಾಡಿಯವರಿಗೆ ಅದು ಗಾಡಿ ನಿಲ್ಲುವ ಜಾಗ. ಹಿಂದೆಲ್ಲ ಅಲ್ಲಿ ಇಂಜಿನ್ ಕಳಚಿ ಬೇರೆ ಇಂಜಿನ್ ಹಚ್ಚುತ್ತಿದ್ದರು, ಡಬ್ಬಿಗಳಿಗೆ ನೀರು ತುಂಬುತ್ತಿದ್ದರು, ಕೆಲವು ಗಾಡಿಗಳನ್ನು ಎರಡು ತುಂಡು ಮಾಡಿ ಒಂದೊಂದನ್ನು ಒಂದೊಂದು ದಿಕ್ಕಿಗೆ ಕಳಿಸುತ್ತಿದ್ದರು. ಜನ ಇಳಿದು ಮುಖ ತೊಳೆದು, ಚಹಾ ಕುಡಿದು, ಬೀಗರ ಪೈಕಿ ಯಾರಾದರೂ ಕಂಡರೆ ಮಾತಾಡಿಸಿ, ನಳದಿಂದ ನೀರು ತುಂಬಿಕೊಂಡು, ಆಮೇಲೆ ಹತ್ತುತ್ತಿದ್ದರು. ಅವಸರ ಮಾಡುವವರನ್ನು ಕಂಡರೆ ಅತ್ತೆಗೆ ನಗು. ಹೊಸ ಇಂಜಿನ್ ಬಂದು ಕೂಡುವಾಗ ಇಡೀ ಗಾಡಿ ಕುಲುಕುವಂತೆ ಒಂದು ಜಟಕಾ ಹೊಡೆಯುತ್ತದೆ, ಆ ಜಟಕಾ ಆಗುವವರೆಗೆ ಗಾಡಿ ಎಲ್ಲಿಗೂ ಹೋಗುವುದಿಲ್ಲ ಎಂಬುದು ಅವರ ಬದುಕಿನ ಗಟ್ಟಿ ನಂಬಿಕೆಗಳಲ್ಲಿ ಒಂದು. ಸಣ್ಣ ಸ್ಟೇಷನ್ನಿನಲ್ಲಾಗಿದ್ದರೆ ಅವರು ಸೀಟು ಬಿಟ್ಟು ಏಳುತ್ತಿರಲಿಲ್ಲ. ನಾನು ಅದನ್ನು ದೊಡ್ಡ ಜಂಕ್ಷನ್ ಎಂದೆನಲ್ಲ, ನಿಶ್ಚಿಂತೆಯಿಂದ ಇಳಿದರು.

ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ನಾನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ಪ್ಲಾಟ್‌ಫಾರ್ಮಿನ ಮೇಲೆ ಹಸಿರು ಸೀರೆಯ ಹೆಂಗಸೊಬ್ಬರು ನಡೆದುಹೋದರು. ಇಲ್ಲಿಯೂ ಇಳಕಲ್ ಸೀರೆ ಉಡುವವರಿದ್ದಾರಲ್ಲ ಎಂದುಕೊಂಡೆ. ನಗಬೇಡಿ, ಆ ಕ್ಷಣಕ್ಕೆ ಹಾಗೇ ಅನಿಸಿತು. ಆ ಹೆಂಗಸಿನ ಕೈಯಲ್ಲಿ ಸ್ಟೀಲ್ ಬಾಟಲಿ ಇತ್ತು. ಅವರು ಕಂಬದ ಹಿಂದೆ ಇಣುಕಿದರು, ಆ ಕಡೆ ನೋಡಿದರು, ಈ ಕಡೆ ನೋಡಿದರು. ನಳ ಹುಡುಕುತ್ತಿದ್ದಾರೆ ಎಂದು ನನಗೆ ಹೊಳೆದದ್ದೂ, ಅವರು ನಮ್ಮತ್ತೆ ಎಂದು ಹೊಳೆದದ್ದೂ ಒಟ್ಟಿಗೆ. ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಸೀಟಿ ಊದಲಿಲ್ಲ, ಹಸಿರು ನಿಶಾನೆ ತೋರಿಸಲಿಲ್ಲ, ಜಟಕಾವೂ ಹೊಡೆಯಲಿಲ್ಲ. ಪ್ಲಾಟ್‌ಫಾರ್ಮು ಮೆಲ್ಲಗೆ ಹಿಂದಕ್ಕೆ ಸರಿಯಿತು, ಅದರ ಜೊತೆಗೆ ಅತ್ತೆಯೂ ಸರಿದರು. ಅವರು ತಲೆ ಎತ್ತಿ ನನ್ನ ಕಿಟಕಿಯನ್ನು ನೋಡಿದರು. ಓಡಲಿಲ್ಲ. ಕೂಗಲಿಲ್ಲ. ಹಾದುಹೋಗುವ ಗಾಡಿಗೆ ರೈಲ್ವೆಯವರು ಕೈ ಎತ್ತುತ್ತಾರಲ್ಲ, ಎಲ್ಲ ಸರಿಯಿದೆ, ಹೋಗು ಎಂಬಂತೆ, ಹಾಗೆ ಬಲಗೈ ಎತ್ತಿದರು.

ಸೀಟು ಹಿಡಿದು ಎದ್ದು, “ಅತ್ತಿ ಉಳದ್ರು” ಎಂದೆ. ದನಿ ಹೊರಗೆ ಬಂತೋ ಇಲ್ಲವೋ, ಶರಣಪ್ಪನವರು ಮಾತ್ರ ಕೇಳಿಸಿಕೊಂಡರು. “ಚೈನ್ ಎಳೀರಿ” ಎಂದು ಅವರು ಎದ್ದು ನಿಂತರು. ಆಮೇಲೆ ನಮ್ಮ ಕಡೆಯ ಅಷ್ಟೂ ಮಂದಿ ಅಂಗಡಿಯವರು ಎದ್ದು ಡಬ್ಬಿಯ ಮಾಡು, ಗೋಡೆ ಎಲ್ಲ ತಡವುತ್ತ ಚೈನ್ ಹುಡುಕಿದರು. ಚೈನ್ ಇರಲಿಲ್ಲ. ಬಾಗಿಲ ಹತ್ತಿರ ಕೆಂಪು ಹಿಡಿಕೆಯೊಂದು ಸಿಕ್ಕಿತು. ಶರಣಪ್ಪನವರ ಕೈ ಅದರ ಮೇಲೆ ಬೀಳುವುದಕ್ಕೂ ಮ್ಯಾನೇಜರ್ ಓಡಿಬಂದು ಅವರ ಸೊಂಟ ಹಿಡಿಯುವುದಕ್ಕೂ ಸರಿಹೋಯಿತು. ಆ ದೇಶದಲ್ಲಿ ಅದನ್ನು ಎಳೆದವರ ಗತಿ ಏನೆಂದು ಅವರು ಗಾಬರಿಯಲ್ಲಿ ತಮ್ಮ ಮರಾಠಿಯಲ್ಲೇ ವಿವರಿಸಿದರು.

ನನಗೆ ಅದೊಂದೂ ಬೇಕಿರಲಿಲ್ಲ. ನಾನು ನನ್ನ ಪರ್ಸು ತೆರೆದು ನೋಡಿದೆ. ಅತ್ತೆಯ ಪಾಸ್‌ಪೋರ್ಟು ಅಲ್ಲಿತ್ತು. ಹೋಟೆಲಿನ ವಿಳಾಸದ ಚೀಟಿ ಅಲ್ಲಿತ್ತು. ಅವರ ಕೈಯಲ್ಲಿ ಫೋನಿಲ್ಲ. ಕನ್ನಡ, ಒಂದಷ್ಟು ದಖನಿ ಉರ್ದು, ತೆಲುಗು ಬಿಟ್ಟರೆ ಬೇರೆ ಮಾತು ಬಾರದು. ಅವರು ಆ ಪ್ಲಾಟ್‌ಫಾರ್ಮಿನಿಂದ ಈ ಪ್ಲಾಟ್‌ಫಾರ್ಮಿಗೆ ಹೋಗಿ, ಬೇರೆ ಯಾವುದೋ ಗಾಡಿಯನ್ನು ನಮ್ಮದೇ ಎಂದು ತಿಳಿದು ಹತ್ತಿಬಿಟ್ಟರೆ? ನಾಲ್ಕೂ ದಿಕ್ಕಿಗೆ ಗಾಡಿ ಹೋಗುತ್ತವೆಂದು ನಾನೇ ಹೇಳಿದ್ದೆ. ಕರಿಹಲಗೆಯ ಮೇಲೆ ನಾನು ಬರೆಯುತ್ತಿದ್ದ ಆ ಗೋಡಂಬಿಯ ಸುತ್ತ ಇರುವ ದೇಶಗಳ ಹೆಸರೆಲ್ಲ ಒಂದೊಂದಾಗಿ ನೆನಪಾದವು. ಇಷ್ಟು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದು ಅಂಥ ಹೊತ್ತಿನಲ್ಲಿ ನನ್ನನ್ನೇ ಹೆದರಿಸಲು ಬಂತು.

ಟಿಕೆಟು ನೋಡುವ ಹೆಂಗಸು ಬಂದರು. ಎತ್ತರದವರು, ಕತ್ತಿನ ಸುತ್ತ ಕೆಂಪು ವಸ್ತ್ರ. ನನ್ನ ಇಂಗ್ಲಿಷು ಆಗ ಪೂರ್ತಿ ಕೈಕೊಟ್ಟಿತ್ತು. ಬೆರಳಿನಿಂದ ಹಿಂದಕ್ಕೆ ತೋರಿಸಿ ‘ಮದರ್, ಮದರ್’ ಎಂದೆ. ಅವರಿಗೆ ಅರ್ಥವಾಯಿತು. ಕಿಸೆಯಿಂದ ಫೋನು ತೆಗೆದು ನನ್ನ ಎದುರಿಗೇ ಕುಳಿತು, ಹೆಸರೇನು ಎಂದು ಕೇಳಿದರು.

ನಾನು ಅತ್ತೆಯ ಪಾಸ್‌ಪೋರ್ಟನ್ನು ಮುಂದೆ ಹಿಡಿದೆ; ಬಾಯಿಯಲ್ಲಿ ಹೇಳಿರಿ ಎಂದರು. ಹೆಸರು ಗೊತ್ತಿರಲಿಲ್ಲವೆಂದಲ್ಲ. ನಮ್ಮ ಕಡೆ ಸೊಸೆ ಅತ್ತೆಯ ಹೆಸರು ಹಿಡಿಯುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಆ ಹೆಸರು ನನ್ನ ಬಾಯಿಯಿಂದ ಒಮ್ಮೆಯೂ ಹೊರಬಂದಿರಲಿಲ್ಲ. ಅರ್ಜಿ ತುಂಬಿದ್ದೇನೆ, ರೇಷನ್ ಅಂಗಡಿಯಲ್ಲಿ ಕಾಗದ ತೋರಿಸಿದ್ದೇನೆ. ಬಾಯಿ ಬಿಟ್ಟು ಹೇಳಿರಲಿಲ್ಲ. ಆ ಹೆಂಗಸು ಮತ್ತೊಮ್ಮೆ ಮೆಲ್ಲಗೆ ಕೇಳಿದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ, “ಚಂದಮ್ಮ” ಎಂದೆ.

“ಶಾಂದಾಮಾ” ಎಂದು ಅವರು ಫೋನಿನಲ್ಲಿ ಹೇಳಿದರು. ಆ ಪೇಚಿನಲ್ಲಿಯೂ ನನಗೆ ಆ ಹೆಸರು ಚೆನ್ನಾಗಿದೆಯಲ್ಲ ಎನಿಸಿತು. ಆಮೇಲೆ ಬಟ್ಟೆ ಕೇಳಿದರು. ಹಸಿರು ಸೀರೆ, ಕಂದು ಸ್ವೆಟರು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಬಾಟಲಿ. ಇಷ್ಟು ಹೇಳಿದ ಮೇಲೆ ಹೆಸರಿನ ಅಗತ್ಯ ಇರಲಿಲ್ಲವೆಂದು ನಿಮಗೂ ತಿಳಿದಿರಬಹುದು. ಆ ಕಡೆಯಿಂದ ಏನೋ ಉತ್ತರ ಬಂತು. ಆ ಹೆಂಗಸು ಕೇಳಿಸಿಕೊಂಡರು, ಹುಬ್ಬು ಏರಿಸಿದರು, ನಕ್ಕರು. ನನ್ನ ಕಡೆ ತಿರುಗಿ ಬಹಳ ನಿಧಾನವಾಗಿ, ನಿಮ್ಮ ತಾಯಿ ಸಿಕ್ಕಿದ್ದಾರೆ, ಬೆಂಚಿನ ಮೇಲೆ ಕುಳಿತು ಊಟ ಮಾಡುತ್ತಿದ್ದಾರಂತೆ ಎಂದು ಹೇಳಿದರು. ಫೋನನ್ನು ನನ್ನ ಕೈಗೆ ಕೊಟ್ಟರು.

“ಅತ್ತೀ, ಎಲ್ಲಿದ್ದೀರಿ?” ಎಂದೆ.

“ಎಲ್ಲಿರಬೇಕು? ಸ್ಟೇಷನ್‌ದಾಗ ಇದ್ದೀನಿ” ಎಂದರು. ದನಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ, ಹಾಲಿನವನು ಬಂದನೆ ಎಂದು ಕೇಳುವ ದನಿಯೇ. “ನೀ ಎಲ್ಲಿದ್ದಿ?”

ನಾನು ಕಿಟಕಿಯ ಹೊರಗೆ ನೋಡಿದೆ. ಹಸಿರು ಹೊಲ, ಒಂದೆರಡು ಹಸು, ಕೆಂಪು ಹೆಂಚಿನ ಮನೆ. ಎಲ್ಲಿಯೂ ಹೆಸರು ಬರೆದಿರಲಿಲ್ಲ.

“ಗೊತ್ತಿಲ್ರಿ” ಎಂದೆ.

ಆ ಕಡೆಯಿಂದ ಖಡಕ್ ರೊಟ್ಟಿ ಮುರಿದ ಸದ್ದು ಬಂತು. ಆಮೇಲೆ ಹೇಳಿದರು: “ಅಂಜಬ್ಯಾಡ. ಮುಂದಿನ ಸ್ಟೇಷನ್‌ದಾಗ ಇಳಿ. ಯಾರರ ಕರೆದ್ರ ಅವರ ಹಿಂದ ಹೋಗಬ್ಯಾಡ. ವಾಪಸ್ ಗಾಡಿ ಬರ್ತದ, ಕೇಳಿ ಹತ್ತು. ನಾ ಇಲ್ಲೇ ಇರ್ತೀನಿ.”

ಇದು ನಾನು ಅವರಿಗೆ ಹೇಳಬೇಕೆಂದು ಸಿದ್ಧಮಾಡಿಕೊಂಡಿದ್ದ ಮಾತು. ಅವರು ಮೊದಲೇ ಹೇಳಿಬಿಟ್ಟದ್ದರಿಂದ ನನಗೆ ಹೂಂ ಎನ್ನುವುದೊಂದೇ ಉಳಿಯಿತು.

ಶರಣಪ್ಪನವರು ನನ್ನ ಜೊತೆ ಇಳಿಯುತ್ತೇನೆಂದರು. ಇಬ್ಬರನ್ನು ಹುಡುಕುವುದೇ ಸಾಕು, ಮೂರನೆಯವರು ಬೇಡ ಎಂದು ಮ್ಯಾನೇಜರ್ ಅವರಿಗೆ ಕೈಮುಗಿದರು. ಮುಂದಿನ ಸ್ಟೇಷನ್ನಿನಲ್ಲಿ ಆ ಟಿಕೆಟಿನ ಹೆಂಗಸೇ ನನ್ನನ್ನು ಇಳಿಸಿ, ಎದುರಿನ ಪ್ಲಾಟ್‌ಫಾರ್ಮನ್ನು ಬೆರಳು ಮಾಡಿ ತೋರಿಸಿ, ನನ್ನ ತೋಳನ್ನು ಒಮ್ಮೆ ಒತ್ತಿ ಮತ್ತೆ ಗಾಡಿ ಹತ್ತಿಕೊಂಡರು. ಗಾಡಿ ಹೋಯಿತು. ಆಮೇಲೆ ಅಲ್ಲಿ ನಾನೊಬ್ಬಳೇ. ಆ ಸ್ಟೇಷನ್ನು ಎಷ್ಟು ಸ್ವಚ್ಛವಾಗಿತ್ತೆಂದರೆ ನೋಡುವುದಕ್ಕೆ ಏನೂ ಇರಲಿಲ್ಲ. ಒಂದು ನಾಯಿ ಇದ್ದರೂ ಜೊತೆಯಾಗುತ್ತಿತ್ತು. ವಾಪಸಿನ ಗಾಡಿ ಬಂದಾಗ, ಇದೇ ಓಲ್ಟನ್ ಗಾಡಿಯೇ ಎಂದು ಇಳಿಯುವವರನ್ನೂ ಕೇಳಿದೆ, ಹತ್ತುವವರನ್ನೂ ಕೇಳಿದೆ, ಹತ್ತಿದ ಮೇಲೆ ಕುಳಿತವರನ್ನೂ ಕೇಳಿದೆ.

ಓಲ್ಟನ್ ಬಂತು. ಅತ್ತೆ ಇಳಿದ ಜಾಗಕ್ಕೆ ಹತ್ತಿರದ ಬೆಂಚಿನ ಮೇಲೇ ಇದ್ದರು. ಪಕ್ಕದಲ್ಲಿ ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ರೈಲ್ವೆಯ ಆಸಾಮಿಯೊಬ್ಬ ಕುಳಿತಿದ್ದ. ನಡುವೆ ಕಾಗದದ ಮೇಲೆ ಖಡಕ್ ರೊಟ್ಟಿಯ ಚೂರುಗಳು, ಹಿಂಡಿಯ ರಾಶಿ. ಆತನ ಮುಖ ಕೆಂಪಾಗಿ ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು. ಆದರೂ ತಿನ್ನುವುದನ್ನು ಬಿಟ್ಟಿರಲಿಲ್ಲ. ನಾನು ಓಡಿಹೋಗಿ ಅತ್ತೆಯ ಕೈ ಹಿಡಿದುಕೊಂಡೆ. ಅತ್ತೆಯೇ ಮೊದಲು ಮಾತಾಡಿದರು.

“ಇಂವ ಆಗಿಂದ ಗೂಟ, ಗೂಟ ಅನ್ಲಿಕತ್ತಾನ. ದನಾ ಕಟ್ಟೋನಿದ್ದಾನೇನ ನೋಡು.”

ಆ ಮನುಷ್ಯ ನನ್ನನ್ನು ಕಂಡು ರೊಟ್ಟಿಯನ್ನು ತೋರಿಸಿ ಮತ್ತೊಮ್ಮೆ “ಗೂಟ್” ಎಂದ. ಅವರ ಭಾಷೆಯಲ್ಲಿ ಚೆನ್ನಾಗಿದೆ ಎಂಬುದಕ್ಕೆ ಆ ಮಾತು. ಅತ್ತೆಗೆ ತಿಳಿಸಿ ಹೇಳಿದೆ. ಅವರು ಹಿಂಡಿಯ ಪೊಟ್ಟಣವನ್ನೇ ಆತನ ಕಡೆ ಸರಿಸಿ, “ಗೂಟಾ ಇದ್ರ ತಿನ್ನಪಾ” ಎಂದರು. ಆತ ಒಂದು ಬಾಟಲಿ ನೀರು ತಂದುಕೊಟ್ಟಿದ್ದನಂತೆ. ತಾನೇ ಅರ್ಧ ಕುಡಿದು ಮುಗಿಸಿದ್ದ.

ನನ್ನ ಅಂಜಿಕೆ ಆಗ ಸಿಟ್ಟಾಗಿ ಹೊರಬಂತು. ಕೇಳದೆ ಯಾಕೆ ಇಳಿದಿರಿ, ಕಳೆದುಹೋಗಿದ್ದರೆ ನಾನು ಮನೆಯಲ್ಲಿ ಏನು ಹೇಳಲಿ ಎಂದುಬಿಟ್ಟೆ. ಅತ್ತೆ ನಿಜವಾಗಿ ಆಶ್ಚರ್ಯಪಟ್ಟು ನನ್ನ ಮುಖ ನೋಡಿದರು.

“ನಾ ಎಲ್ಲಿ ಕಳೀತೀನಿ? ನಾ ಸ್ಟೇಷನ್‌ದಾಗ ಇದ್ದೆ. ಕಳದಾಕಿ ನೀನು.”

ಅಷ್ಟರಲ್ಲಿ ಮುಂದಿನ ಗಾಡಿ ಬಂದಿತ್ತು. ಕಿತ್ತಳೆ ಜಾಕೀಟಿನವನು ನಮ್ಮಿಬ್ಬರನ್ನೂ ಹತ್ತಿಸಿ, ಬಾಗಿಲು ಮುಚ್ಚುವವರೆಗೂ ಹೊರಗೆ ನಿಂತಿದ್ದ. ಅತ್ತೆ ಅವನನ್ನು ಗಾಜಿನ ಮೂಲಕ ನೋಡುತ್ತ, ಜಟಕಾ ಇಲ್ಲದ ಗಾಡಿಯನ್ನು ನಂಬುವುದು ಹೇಗೆ ಎಂದು ಗೊಣಗಿದರು.

ಆ ದಾರಿ ಎಷ್ಟು ಚೆಂದವಿತ್ತೆಂದು ಆಗ ನೋಡಿದೆ. ಒಂದು ಕೆರೆ ಬಹಳ ಹೊತ್ತು ನಮ್ಮ ಜೊತೆಯೇ ಬಂತು. ಅತ್ತೆ ಮಾತಾಡತೊಡಗಿದರು. ವಾಡಿಯಲ್ಲಿ ಹೊಸದಾಗಿ ಸಂಸಾರ ಹೂಡಿದಾಗ ಪ್ರತಿ ಗಾಡಿ ಬಂದಾಗಲೂ ಬಾಗಿಲಿಗೆ ಓಡಿ ನೋಡುತ್ತಿದ್ದರಂತೆ. ನೀನು ಗಾಡಿ ನೋಡುತ್ತ ನಿಂತರೆ ನಾನು ಉಪವಾಸ ಎಂದು ಮಾವನವರು ಬೈಯುತ್ತಿದ್ದರಂತೆ. ಈ ಮಾತೆಲ್ಲ ಚಿತ್ತಾಪುರದ ಅಡಿಗೆಮನೆಯಲ್ಲಿ ಯಾಕೆ ಬಂದಿರಲಿಲ್ಲವೋ ಕಾಣೆ. ಬಹುಶಃ ಅಲ್ಲಿ ಕಿಟಕಿ ಓಡುವುದಿಲ್ಲ.

ಲುಸರ್ನಿನಲ್ಲಿ ಮರದ ಸೇತುವೆಯೊಂದಿದೆ. ಮೇಲೆ ಚಾವಣಿ ಇದೆ, ಚಾವಣಿಯ ಕೆಳಗೆ ಮುಕ್ಕೋನದ ಹಲಗೆಗಳ ಮೇಲೆ ಹಳೆಯ ಚಿತ್ರಗಳು. ಅದು ನೀರಿನ ಮೇಲೆ ನೇರವಾಗಿ ಹೋಗದೆ ಒಂದೆರಡು ಕಡೆ ತಿರುಗಿಕೊಂಡು ಹೋಗುತ್ತದೆ. ಅತ್ತೆ ಕತ್ತು ಎತ್ತಿ ಒಂದೊಂದು ಚಿತ್ರದ ಕೆಳಗೂ ನಿಂತರು. ಇವ ಯಾರು, ಅವಳು ಯಾಕೆ ಅಳುತ್ತಾಳೆ ಎಂದು ಕೇಳಿದರು. ನನಗೆ ಗೊತ್ತಿದ್ದದ್ದು ಬಹಳ ಕಡಿಮೆ. ಕೆಲವಕ್ಕೆ ನಾನು ಕತೆ ಕಟ್ಟಿದೆ, ಉಳಿದವಕ್ಕೆ ಅವರೇ ಕಟ್ಟಿಕೊಂಡರು. ನೀರಿನಲ್ಲಿ ಹಂಸಗಳಿದ್ದವು. ಅತ್ತೆ ಅವನ್ನು ದೊಡ್ಡ ಬಾತುಗಳೆಂದರು. ಹಂಸವೆಂದು ಹೇಳಿದಾಗ ಭಕ್ತಿಯಿಂದ ದಂಡೆಗೆ ಹೋಗಿ ನೋಡಿದರು. ಅವುಗಳಲ್ಲಿ ಒಂದು ಇನ್ನೊಂದರ ಕತ್ತು ಹಿಡಿದು ಎಳೆಯುತ್ತಿತ್ತು. “ಹಂಸ ಅಂದ್ರ ಹಿಂಗೇನ? ನಮ್ಮ ನಳದ ಮುಂದಿನ ಹೆಂಗಸರು ವಾಸಿ” ಎಂದು ಹಿಂದಕ್ಕೆ ಬಂದರು.

ನಮ್ಮ ಗುಂಪು ಸಿಕ್ಕಿದ್ದು ಕಲ್ಲಿನ ಸಿಂಹದ ಹತ್ತಿರ. ಬಂಡೆಯಲ್ಲೇ ಕೊರೆದ ಸಿಂಹ. ಬೆನ್ನಿನಲ್ಲಿ ಈಟಿ ಮುರಿದುಕೊಂಡು, ಮುಖ ಒರಗಿಸಿ ಮಲಗಿದೆ. ಎದುರಿಗೆ ಒಂದು ಹೊಂಡ. ಹೊಂಡದ ಈಚೆ ದಂಡೆಯಲ್ಲಿ ಶರಣಪ್ಪನವರು ಕಟ್ಟೆಗೆ ಒರಗಿ ಬಂಡೆಯನ್ನೇ ದಿಟ್ಟಿಸುತ್ತಿದ್ದರು. ನಮ್ಮನ್ನು ಕಂಡೊಡನೆ ಅವರ ಮುಖ ಅರಳಿತು. “ಆಯಿ, ನಿಮ್ಮ ಗಾಡಿ ಲೇಟ್ ಆಯ್ತಲ್ರಿ” ಎಂದರು. “ಇಂಜಿನ್ ಬದಲ್ಸೋದಿತ್ತು” ಎಂದರು ಅತ್ತೆ. ಎಲ್ಲರೂ ನಕ್ಕರು. ಬೆಳಗಿನಿಂದ ಯಾರಿಗೂ ಊಟ ಸೇರಿರಲಿಲ್ಲವಂತೆ. ಆಗ ಒಬ್ಬೊಬ್ಬರಿಗೂ ಹಸಿವೆಯಾಯಿತು. ಶರಣಪ್ಪನವರು ಸಿಂಹದ ಕಲ್ಲು ಮೆತ್ತಗಿನದು, ಮಳೆಗೆ ಕರಗುತ್ತದೆ, ಶಹಾಬಾದಿನ ಕಲ್ಲಾಗಿದ್ದರೆ ಮೂಗು ಇನ್ನೂ ಚೂಪಾಗಿರುತ್ತಿತ್ತು ಎಂದು ತೀರ್ಪು ಕೊಟ್ಟರು. ಅತ್ತೆ ಕಲ್ಲು ನೋಡಲಿಲ್ಲ, ಸಿಂಹದ ಮುಖ ನೋಡಿದರು. ಯಾರು ಹೊಡೆದರು ಎಂದು ಕೇಳಿದಾಗ, ಬೇರೆ ದೇಶದ ರಾಜನಿಗಾಗಿ ಕಾದಾಡಲು ಹೋಗಿ ಸತ್ತ ಈ ಕಡೆಯ ಸಿಪಾಯಿಗಳ ನೆನಪಿಗೆ ಇದನ್ನು ಮಾಡಿದ್ದಾರೆ ಎಂದು ಹೇಳಿದೆ.

“ಪಗಾರಕ್ಕ ಹೋದವರು” ಎಂದು ಅತ್ತೆ ತಲೆಯಾಡಿಸಿದರು. “ಮನಿಮಂದಿ ಸ್ಟೇಷನ್ನಿಗಿ ಬಂದಿದ್ರೋ ಇಲ್ಲೋ.” ರೈಲು ಆಗ ಇರಲಿಲ್ಲವೆಂದು ನಾನು ತಿದ್ದಲಿಲ್ಲ.

ರಾತ್ರಿ ಹೋಟೆಲಿನಿಂದ ಮನೆಗೆ ಫೋನು ಮಾಡಿದಾಗ ನಾನು ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದೆ. ಅತ್ತೆ ಫೋನು ಕಸಿದುಕೊಂಡು ಮಗನಿಗೆ ಹೇಳಿದರು: “ನಿನ್ನ ಹೇಣ್ತಿ ತಪ್ಪಿಸ್ಕೊಂಡಿದ್ಲು. ಸಿಕ್ಕಾಳ. ಫಿಕರ್ ಮಾಡಬ್ಯಾಡ.” ಅಂದಿನಿಂದ ನಮ್ಮ ಪೈಕಿಯಲ್ಲಿ ಓಡಾಡುತ್ತಿರುವ ಕತೆ ಇದೇ. ನಾನು ತಿದ್ದುತ್ತಲೇ ಬಂದೆ. ಇಳಿದವರು ಯಾರು, ಗಾಡಿಯಲ್ಲಿ ಇದ್ದವರು ಯಾರು, ಟಿಕೆಟು ಯಾರ ಹತ್ತಿರ ಇತ್ತು ಎಂದು ಒಂದೊಂದಾಗಿ ವಿವರಿಸುತ್ತಿದ್ದೆ. ಪಾಠ ಮಾಡುವವರ ದೋಷವಿದು, ಉತ್ತರ ತಪ್ಪಾಗಿದ್ದರೆ ಕೈ ಸುಮ್ಮನಿರುವುದಿಲ್ಲ. ಕೇಳುವವರು ನನ್ನ ಮಾತಿಗೆ ತಲೆಯಾಡಿಸಿ, ಅತ್ತೆಯ ಮಾತಿಗೆ ನಗುತ್ತಿದ್ದರು.

ಮೊನ್ನೆ ಸೇಡಂನಲ್ಲಿಯೂ ಅದೇ ನಡೆಯಿತು. ಕೂಸನ್ನು ತೊಟ್ಟಿಲಿಗೆ ಹಾಕಿ, ಹೆಸರಿಟ್ಟು, ಊಟವಾದ ಮೇಲೆ ಹೆಂಗಸರೆಲ್ಲ ಅತ್ತೆಯ ಸುತ್ತ ಕುಳಿತು, ಸೊಸೆ ಕಳೆದ ಕತೆ ಹೇಳಿರೆಂದರು. ಅತ್ತೆ ಹೇಳಿದರು. ಸುರಂಗ ಬಂತು, ಜಂಕ್ಷನ್ ಬಂತು, ಸದ್ದಿಲ್ಲದೆ ಗಾಡಿ ಹೋಯಿತು. ನಾನು ಗೋಡೆಗೆ ಒರಗಿ, ಎಲ್ಲಿ ಬಾಯಿ ಹಾಕಬೇಕೆಂದು ಕಾಯುತ್ತಿದ್ದೆ. ಆಗ ಚಿಂಚೋಳಿಯಿಂದ ಬಂದಿದ್ದ ಬೀಗಿತ್ತಿಯೊಬ್ಬರು, ಕತೆಯನ್ನು ಮೊದಲ ಸಲ ಕೇಳುತ್ತಿದ್ದವರು, ಮಧ್ಯದಲ್ಲಿ ತಡೆದರು.

“ಸೊಸಿ ಕಳದ್ಲು ಅಂತೀರಿ, ನೀವು ನೋಡಿದ್ರ ಕುಂತು ರೊಟ್ಟಿ ತಿಂದೀರಿ. ಎಂಥಾ ಎದಿರಿ ನಿಮ್ಮದು?”

ಹೆಂಗಸರು ನಕ್ಕರು. ಅತ್ತೆ ನಗಲಿಲ್ಲ. ತೊಟ್ಟಿಲಿನ ಹಗ್ಗವನ್ನು ಹಿಡಿದುಕೊಂಡಿದ್ದರು, ಅದನ್ನು ಬಿಟ್ಟರು.

“ತಿಂದಿಲ್ಲವ್ವಾ. ಮುರದೆ ಅಷ್ಟೆ” ಎಂದರು. “ಅಕಿ ಗಾಡಿ ಹೋದ ಮ್ಯಾಲ ನನ್ನ ಕೈ ನಿಲ್ಲಲಿಲ್ಲ, ಒಂದೇ ಸವನ ನಡಗಾಕತ್ತಿದ್ವು. ಆ ಮನಷ್ಯಾ ಬಂದು ಪಕ್ಕಕ್ಕ ಕುಂತ. ಅವಗ ಕಾಣಬಾರ್ದಂತ ರೊಟ್ಟಿ ತಗದು ಮುರಕೋತ ಕುಂತೆ. ಮುರದದ್ದು ಅವಗ ಕೊಟ್ಟೆ. ಅಕಿ ಫೋನಿನಾಗ ಗೊತ್ತಿಲ್ರಿ ಅಂದಾಗ ಅಂತೂ... ನಾ ಆರಾಮ ಕುಂತಿದ್ದೆ, ನಂದೇನದ. ಅಕಿ ಒಬ್ಬಾಕಿನೇ ಇದ್ಲಲ್ಲ.”

ಬೆಂಚಿನ ಮೇಲೆ ಕಾಗದದ ತುಂಬ ಬಿದ್ದಿದ್ದ ಆ ಚೂರುಗಳನ್ನು ನಾನು ಕಣ್ಣಾರೆ ಕಂಡಿದ್ದೆ. ಒಬ್ಬ ಮನುಷ್ಯನಿಗೆ ಅಷ್ಟು ಸಣ್ಣ ಸಣ್ಣ ಚೂರು ಯಾಕೆ ಎಂದು ನನಗೆ ಹೊಳೆದಿರಲಿಲ್ಲ. ಅಂದು ಅಂಜಿದವಳು ನಾನೊಬ್ಬಳೇ ಎಂದು ಇಷ್ಟು ದಿನ ನಂಬಿಕೊಂಡು ಬಂದಿದ್ದೆ.

ಬೀಗಿತ್ತಿ ನನ್ನ ಕಡೆ ತಿರುಗಿದರು. “ಹೌದೇನ್ರಿ ಅಕ್ಕೋರೆ? ಖರೇನೇ ಕಳದಿದ್ರೇನು?”

ಯಾರು ಇಳಿದರು, ಯಾರು ಉಳಿದರು ಎಂದು ಹೇಳುವ ಹೊತ್ತು ಅದೇ ಆಗಿತ್ತು. ನಾದಿನಿ ಆಗಲೇ ಮುಗುಳ್ನಗುತ್ತ ನನ್ನ ಬಾಯಿ ನೋಡುತ್ತಿದ್ದಳು.

“ಹೌದ್ರಿ” ಎಂದೆ. “ಅವರು ಇದ್ದಲ್ಲೇ ಇದ್ರು. ನಾನೇ ಕಳದಿದ್ದೆ.”

ಅತ್ತೆ ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಬೀಗಿತ್ತಿಗೆ, ಈಗ ಒಪ್ಪಿದಳು ನೋಡಿರಿ ಎಂಬಂತೆ ಕೈ ಮಾಡಿ, ಚಾಪೆಯ ಮೇಲೆ ಸ್ವಲ್ಪ ಸರಿದು, ತಮ್ಮ ಪಕ್ಕದ ಜಾಗವನ್ನು ಅಂಗೈಯಿಂದ ಬಡಿದು ತೋರಿಸಿದರು. ನಾನು ಹೋಗಿ ಕುಳಿತೆ. ಮುಂದಿನ ಅರ್ಧ ಕತೆಯನ್ನು ನಾವಿಬ್ಬರೂ ಕೂಡಿ ಹೇಳಿದೆವು.